ಬಸವನ ಗುಡ್ಡಕ್ಕೆ ಬಂದವರು ಏನು ಬಿಟ್ಟು ಹೋಗಬೇಕು?

ಯಾತ್ರೆಗೆ ಹೊರಟವರನ್ನು ನೆರೆಹೊರೆಯವರು ಕೇಳುವ ಮೊದಲ ಮಾತು, "ಬರ್ತಾ ಏನು ತರ್ತೀರಿ?" ಅಂತ. ಪ್ರಸಾದ, ಕುಂಕುಮ, ದೇವರ ಪಟ, ಮಕ್ಕಳಿಗೆ ಬಳೆ, ಪೀಪಿ. ತರುವುದರ ಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ. ಆದರೆ ಹೋದ ಜಾಗದಲ್ಲಿ ಏನು ಬಿಟ್ಟು ಬರಬೇಕು ಎಂಬ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲ.

ಹಿರಿಯರಿಗೆ ಈ ವಿಚಾರ ಗೊತ್ತಿತ್ತು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲೇ ಬಿಟ್ಟು ಬರುವ ಪದ್ಧತಿ ನಮ್ಮ ಮನೆಗಳಲ್ಲಿ ಈಗಲೂ ಉಂಟು. ಅಂಥವರು ಮನೆಗೆ ಬಂದ ಮೇಲೆ ಜೀವ ಇರೋ ತನಕ ಅದನ್ನು ಮುಟ್ಟುವುದಿಲ್ಲ. ಯಾತ್ರೆ ಅಂದರೆ ಪಡೆಯುವುದು ಮಾತ್ರ ಅಲ್ಲ, ಬಿಡುವುದೂ ಹೌದು ಎಂಬುದು ಇದರ ತಾತ್ಪರ್ಯ. ಈ ಮಾತನ್ನು ಬೆಂಗಳೂರಿನ ಬಸವನಗುಡಿಯ ಗುಡ್ಡದ ಮೇಲೆ ನಿಂತು ಯೋಚಿಸಿದರೆ ಬಹಳ ಸಂಗತಿಗಳು ಹೊಳೆಯುತ್ತವೆ.

ಗುಡ್ಡದ ಪರಿಚಯ

ಬೆಂಗಳೂರಿನ ದಕ್ಷಿಣಕ್ಕೆ ಹಿಂದೆ ಸುಂಕೇನಹಳ್ಳಿ ಎಂಬ ಗ್ರಾಮವಿತ್ತು. ಅದರ ಪಕ್ಕದ ಕಲ್ಲುಗುಡ್ಡದ ಮೇಲೆ ಏಕಶಿಲೆಯ ದೊಡ್ಡ ಬಸವಣ್ಣ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ ಸವರಿ ಸವರಿ ಕಲ್ಲು ಕಪ್ಪಾಗಿ ಮಿರುಗುತ್ತದೆ. 1537ರಲ್ಲಿ ಬೆಂಗಳೂರು ಪೇಟೆ ಕಟ್ಟಿದ ಕೆಂಪೇಗೌಡರೇ ಈ ಗುಡಿಯನ್ನೂ ಕಟ್ಟಿಸಿದರು ಎಂಬುದು ರೂಢಿಯ ಮಾತು. ಗುಡ್ಡದ ಬುಡದಲ್ಲಿ ದೊಡ್ಡ ಗಣಪತಿ. ಈ ಸ್ವಾಮಿಗೆ ಮಾಡುವ ಬೆಣ್ಣೆ ಅಲಂಕಾರ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಪಕ್ಕದಲ್ಲೇ ಕಹಳೆ ಬಂಡೆ. ಹಿಂದಿನ ಕಾಲದಲ್ಲಿ ಕಾವಲುಗಾರರು ಸಂಜೆ ಹೊತ್ತು ಅಲ್ಲಿ ನಿಂತು ಕಹಳೆ ಊದುತ್ತಿದ್ದರಂತೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಗವಿಪುರ. ಅಲ್ಲಿ ಬಂಡೆಯ ಒಳಗೆ ಗವಿ ಗಂಗಾಧರೇಶ್ವರ. ಅಂಗಳದಲ್ಲಿ ತ್ರಿಶೂಲ, ಡಮರು, ಸೂರ್ಯಪಾನ, ಚಂದ್ರಪಾನ ಎಂಬ ನಾಲ್ಕು ದೊಡ್ಡ ಕಲ್ಲಿನ ಕೆಲಸಗಳು. ಇನ್ನೊಂದು ಕಡೆ ಇಳಿದರೆ ಗಾಂಧಿ ಬಜಾರು. ಹೂವು, ಬಾಳೆ ಎಲೆ, ಪೂಜೆ ಸಾಮಾನು, 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನ, ಪುಸ್ತಕದ ಅಂಗಡಿಗಳು. ಈ ಸುತ್ತಿನ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಜಗಲಿ ಮನೆ, ಹೆಂಚಿನ ಮನೆ ಇನ್ನೂ ಉಳಿದಿವೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಾರೆ. ರಾಮನವಮಿ ಬಂದರೆ ಕೋಸಂಬರಿ, ಪಾನಕ, ಸಂಗೀತ ಕಚೇರಿ. "ಹಳೇ ಬೆಂಗಳೂರು ನೋಡಬೇಕು ಅಂದರೆ ಬಸವನಗುಡಿಗೆ ಹೋಗಿ, ಮಲ್ಲೇಶ್ವರಕ್ಕೆ ಹೋಗಿ, ಚಾಮರಾಜಪೇಟೆಗೆ ಹೋಗಿ" ಅಂತ ಜನ ಹೇಳುವುದು ಇದಕ್ಕೇ.

ದರ್ಶನಕ್ಕೆ ಬಂದವರು ದೇವರ ದರ್ಶನ ಆದ ಮೇಲೆ ಈ ಬೀದಿಗಳಲ್ಲೂ ಒಂದು ಸುತ್ತು ಹಾಕುತ್ತಾರೆ. ಅದು ಸಹಜ. ಪ್ರಶ್ನೆ ಹುಟ್ಟುವುದೂ ಅಲ್ಲೇ.

ಮುಚ್ಚಿದ ಬಾಗಿಲು

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಬೆಳಗಿನ ಹೊತ್ತು ಒಬ್ಬ ಹಿರಿಯ ಹೆಂಗಸು ತಮ್ಮ ಮನೆ ಮುಂದೆ ರಂಗೋಲಿ ಇಡುತ್ತಿದ್ದಾರೆ. ಯಾತ್ರೆಗೆ ಬಂದ ನಾಲ್ಕು ಹುಡುಗರು ನಿಂತು ಮೊಬೈಲ್ ತೆಗೆದು ಫೋಟೋ ಹಿಡಿಯುತ್ತಾರೆ. ಆಕೆ ತಲೆ ಎತ್ತಿ ನೋಡುತ್ತಾರೆ. ಏನೂ ಅನ್ನುವುದಿಲ್ಲ. ಚುಕ್ಕಿ ಅರ್ಧಕ್ಕೇ ಬಿಟ್ಟು ಡಬ್ಬಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಹುಡುಗರು ಕೆಟ್ಟವರಲ್ಲ. ಅವರಿಗೆ ರಂಗೋಲಿ ನಿಜವಾಗಿಯೂ ಚೆನ್ನಾಗಿ ಕಂಡಿತು. ಊರಿಗೆ ಹೋಗಿ ಅಮ್ಮನಿಗೆ ತೋರಿಸಬೇಕು ಅನ್ನಿಸಿತು. ಬೀದಿ ಸರ್ಕಾರದ್ದು, ನಿಂತು ನೋಡಲು ಯಾರ ಅಪ್ಪಣೆ ಬೇಕು? ಈ ವಾದವೂ ಸರಿಯೇ. ಇನ್ನೂ ಒಂದು ಮಾತಿದೆ. ಯಾರೂ ನೋಡಲು ಬರದೇ ಹೋದರೆ ಹಳೆಯದಕ್ಕೆ ಬೆಲೆ ಎಲ್ಲಿಂದ ಬರಬೇಕು? ಗಾಂಧಿ ಬಜಾರಿನ ಹೂವಿನವರು, ಪರಿಷೆಯ ಕಡಲೆಕಾಯಿಯವರು, ದೋಸೆ ಹೋಟೆಲಿನವರು ಬದುಕುವುದು ಬರುವವರಿಂದಲೇ ಅಲ್ಲವೇ?

ಆದರೂ ಆ ಬಾಗಿಲು ಮುಚ್ಚಿಕೊಂಡದ್ದು ಸುಳ್ಳಲ್ಲ. ಆ ತಾಯಿ ರಂಗೋಲಿ ಇಟ್ಟದ್ದು ಲಕ್ಷ್ಮಿ ಬರಲಿ ಅಂತ, ಮನೆಗೆ ಬಂದವರಿಗೆ ಶುಭವಾಗಲಿ ಅಂತ. ಅಂದರೆ ಅದು ಸ್ವಾಗತದ ಗುರುತು. ಆ ಸ್ವಾಗತವೇ ಅರ್ಧಕ್ಕೆ ನಿಂತುಹೋಯಿತು. ನಾಳೆಯಿಂದ ಆಕೆ ಬೆಳಕು ಹರಿಯುವ ಮುಂಚೆಯೇ ರಂಗೋಲಿ ಇಟ್ಟು ಒಳಗೆ ಹೋಗಬಹುದು. ನಾಲ್ಕು ವರ್ಷ ಕಳೆದರೆ ಇಡುವುದನ್ನೇ ಬಿಡಬಹುದು. ಯಾವ ಚೆಂದವನ್ನು ನೋಡಲು ಜನ ಬಂದರೋ ಆ ಚೆಂದ ಬಂದವರ ನೋಟದಿಂದಲೇ ಬಾಡಿಹೋದರೆ ಅದು ಯಾತ್ರೆಯ ಫಲವೇ?

ಹಾಗಾದರೆ ಬರುವುದೇ ತಪ್ಪೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಈ ಗುಡ್ಡಕ್ಕೆ ಹಿಂದೆ ಯಾರು ಯಾರು ಬಂದರು, ಏನು ಬಿಟ್ಟು ಹೋದರು ಎಂದು ವಿಚಾರಿಸಬೇಕು.

ಕಡಲೆಕಾಯಿಯೂ ಹೊರಗಿನದೇ

ಕಾರ್ತಿಕ ಮಾಸದ ಕಡೇ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಅದರ ಐತಿಹ್ಯ ಎಲ್ಲರಿಗೂ ಗೊತ್ತು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಮುಂತಾದ ಹಳ್ಳಿಗಳ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ಒಂದು ಬಸವ ರಾತ್ರಿ ಬಂದು ಬೆಳೆ ತಿಂದುಹೋಗುತ್ತಿತ್ತು. ಕಾದು ಕುಳಿತ ರೈತ ಸಿಟ್ಟಿನಲ್ಲಿ ಹೊಡೆದ. ಬಸವ ಅಲ್ಲೇ ಕಲ್ಲಾಯಿತು. ತಪ್ಪಾಯಿತೆಂದು ಅರಿತ ರೈತರು ಗುಡಿ ಕಟ್ಟಿ, ಪ್ರತಿ ವರ್ಷ ಮೊದಲ ಬೆಳೆಯನ್ನು ಬಸವಣ್ಣನಿಗೆ ಅರ್ಪಿಸುವ ಹರಕೆ ಹೊತ್ತರು.

ಈಗ ಒಂದು ಸಂಗತಿ ಗಮನಿಸಿ. ಕಡಲೆಕಾಯಿ ನಮ್ಮ ದೇಶದ ಮೂಲದ್ದಲ್ಲ. ಅದರ ತವರು ದಕ್ಷಿಣ ಅಮೆರಿಕ. ಯುರೋಪಿನವರ ಹಡಗುಗಳು ಸಮುದ್ರದ ದಾರಿ ಹಿಡಿದ ಮೇಲೆ ಅದು ಇತ್ತ ಬಂತು. ದಕ್ಷಿಣ ಭಾರತದಲ್ಲಿ ಹೊಲದ ತುಂಬ ಬೆಳೆಯತೊಡಗಿದ್ದು 19ನೇ ಶತಮಾನದಲ್ಲಿ. ಅಂದರೆ ಬಸವಣ್ಣನ ಮುಂದೆ ರಾಶಿ ಸುರಿಯುವ ಈ ಕಾಯಿ ಒಂದು ಕಾಲದಲ್ಲಿ ಹೊರಗಿನಿಂದ ಬಂದ ಅತಿಥಿ. ಇವತ್ತು ಅದಿಲ್ಲದೆ ಪರಿಷೆಯೇ ಇಲ್ಲ. ಒಣಭೂಮಿಯಲ್ಲಿ ಬೆಳೆದು ಬಡವರ ಹೊಟ್ಟೆಗೆ ಎಣ್ಣೆ, ಕಾಳು ಕೊಟ್ಟಿತು. ದನಕ್ಕೆ ಹಿಂಡಿ ಕೊಟ್ಟಿತು. ಭೂಮಿಗೂ ಸಾರ ಬಿಟ್ಟಿತು. ಕೊಟ್ಟದ್ದರಿಂದಲೇ ಅದು ಈ ನೆಲದ್ದಾಯಿತು.

ಇದರಿಂದ ಐತಿಹ್ಯಕ್ಕೆ ಕುಂದು ಬಂತು ಅಂತ ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಹರಕೆಯ ಸತ್ಯ ಇರುವುದು ಬೆಳೆಯ ಹೆಸರಿನಲ್ಲಿ ಅಲ್ಲ. ಉಳಿದದ್ದನ್ನು ಕೊಡದೆ ಮೊದಲನೆಯದನ್ನು ಕೊಡುತ್ತಾರಲ್ಲ, ಅದರಲ್ಲಿ.

ಬಂದು ನೆಲೆಸಿದವರು

ಬಡಾವಣೆಯ ಕಥೆಯೂ ಹೀಗೇ. ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ರೂಪುಗೊಂಡದ್ದು 1890ರ ದಶಕದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1892ರಲ್ಲಿ ಚಾಮರಾಜಪೇಟೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಹಳೇ ಪೇಟೆ ಬಿಟ್ಟು ಜನ ಗಾಳಿ ಬೆಳಕು ಇರುವ ಕಡೆ ಹೊರಟರು. ಹಾಗೆ ಬಂದವರಿಂದ ಈ ಬೀದಿಗಳು ತುಂಬಿಕೊಂಡವು. ಇವತ್ತು ನಾವು ಬಹಳ ಪುರಾತನ ಅಂತ ನೋಡುವ ಮನೆಗಳು ಒಂದು ಕಾಲಕ್ಕೆ ಹೊಸಬರ ಮನೆಗಳೇ.

ಆಗಿನ ಬಡಾವಣೆಗಳಲ್ಲಿ ಒಂದೊಂದು ಭಾಗವನ್ನು ಒಂದೊಂದು ಜಾತಿಗೆ ಅಂತ ಹಂಚಿದ್ದೂ ಉಂಟು. ಹಳೆಯದು ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಸಂಪ್ರದಾಯದಲ್ಲಿ ರಂಗೋಲಿಯೂ ಇದೆ, ಗೆರೆ ಎಳೆದು ಜನರನ್ನು ಆಚೆ ನಿಲ್ಲಿಸಿದ್ದೂ ಇದೆ. ಭಕ್ತಿಯಿಂದ ನೋಡುವವರು ಎರಡನ್ನೂ ನೋಡಬೇಕು. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಎರಡನೆಯದನ್ನು ಬಿಡಬೇಕು.

ಇನ್ನು ಬಸವನಗುಡಿಯ ಹೆಸರಿನ ಜೊತೆ ಹೆಸರಾದ ಹಿರಿಯರನ್ನು ನೋಡಿ. ಮಂಕುತಿಮ್ಮನ ಕಗ್ಗ ಬರೆದ ಡಿ.ವಿ.ಜಿ.ಯವರು ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ನಾಡಿನ ಜನ ಸನ್ಮಾನ ಮಾಡಿ ಅರ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಗವಿಪುರದಲ್ಲಿ ವಾಸವಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮಾಲೂರು ತಾಲ್ಲೂಕಿನ ಮಾಸ್ತಿಯವರು. ಮನೆಮಾತು ತಮಿಳು. ಕೊಟ್ಟದ್ದೆಲ್ಲ ಕನ್ನಡಕ್ಕೆ.

ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಗೌರಿಬಿದನೂರು ಹತ್ತಿರದ ಹೊಸೂರಿನ ಬಡ ಮನೆಯ ಹುಡುಗ. 1935ರಲ್ಲಿ ಓದುವ ಆಸೆಯಿಂದ ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ಇಲ್ಲಿನ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದೆ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಮದುವೆ, ಮನೆ ಎಂದು ಮಾಡಿಕೊಳ್ಳದೆ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ದಶಕಗಳ ಕಾಲ ಇದ್ದು, 2005ರಲ್ಲಿ ತೀರಿಕೊಂಡರು. ಪವಾಡಗಳನ್ನು ಒಪ್ಪದೆ ಪ್ರಶ್ನೆ ಕೇಳಿದವರು ಅವರು. ದೇವಸ್ಥಾನಕ್ಕೆ ಬರುವ ಭಕ್ತರು ಅವರ ವಿಚಾರ ಒಪ್ಪದೇ ಇರಬಹುದು. ಆದರೆ ಅವರು ಬಾಳಿದ ರೀತಿಗೆ ಕೈ ಮುಗಿಯದೆ ಇರುವುದು ಕಷ್ಟ.

ಹೀಗೆ ಲೆಕ್ಕ ಹಾಕುತ್ತಾ ಹೋದರೆ, ಈ ಜಾಗದ ಸಂಸ್ಕೃತಿ ಅಂತ ಯಾವುದನ್ನು ನೋಡಲು ಜನ ಬರುತ್ತಾರೋ ಅದರಲ್ಲಿ ಬಹುಪಾಲು ಹೊರಗಿನಿಂದ ಬಂದವರು ಕಟ್ಟಿದ್ದು. ಹುಟ್ಟಿದವರು ಸ್ಥಳೀಕರು, ಬಂದವರು ಪರಸ್ಥಳದವರು ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಡೆದದ್ದಕ್ಕಿಂತ ಹೆಚ್ಚು ಬಿಟ್ಟವರು ಈ ಊರಿನವರಾದರು. ಅಷ್ಟೇ ಲೆಕ್ಕ.

ಮೂರು ದಿನದ ಅತಿಥಿ

"ಅವರೆಲ್ಲ ಜೀವಮಾನ ಇಲ್ಲೇ ಸವೆಸಿದರು. ನಾವು ಬೆಳಿಗ್ಗೆ ಬಸ್ಸಿಳಿದು ಸಂಜೆ ಬಸ್ಸು ಹತ್ತುವವರು. ನಮ್ಮಿಂದ ಏನಾದೀತು?" ಎಂದು ಯಾತ್ರಿಕರು ಕೇಳಬಹುದು. ನ್ಯಾಯವಾದ ಮಾತೇ. ಅದಕ್ಕೆ ಉತ್ತರ ಬಸವಣ್ಣನ ಗುಡಿಗೆ ಹೋಗುವ ರಸ್ತೆಯಲ್ಲೇ ಇರುವ ಶ್ರೀ ರಾಮಕೃಷ್ಣ ಆಶ್ರಮದಲ್ಲಿದೆ.

1904ರಲ್ಲಿ ಆರಂಭವಾದ ಈ ಆಶ್ರಮಕ್ಕೆ 1911ರ ಮಾರ್ಚ್ ತಿಂಗಳಲ್ಲಿ ಶ್ರೀಮಾತೆ ಶಾರದಾದೇವಿಯವರು ಬಂದರು. ರಾಮೇಶ್ವರ ಯಾತ್ರೆ ಮುಗಿಸಿದ ಮೇಲೆ ಬೆಂಗಳೂರಿಗೆ ಬಂದದ್ದು. ಇಲ್ಲಿದ್ದದ್ದು ಸುಮಾರು ಮೂರು ದಿನ. ಒಂದು ಸಂಜೆ ಆಶ್ರಮದ ಹಿಂದಿನ ಗುಡ್ಡ ಹತ್ತಿ ಬಂಡೆಯ ಮೇಲೆ ಕುಳಿತು ಸೂರ್ಯ ಮುಳುಗುವುದನ್ನು ನೋಡಿದರು, ಜಪ ಮಾಡಿದರು. ಆ ಬಂಡೆಯನ್ನು ಇಂದಿಗೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ.

ಇನ್ನೊಂದು ದಿನ ಅವರನ್ನು ನೋಡಲು ಜನ ಸೇರಿದರು. ತಾಯಿಯವರ ಭಾಷೆ ಬಂಗಾಳಿ. ಸೇರಿದವರಿಗೆ ಅದು ಬಾರದು. ಎಲ್ಲರೂ ಸುಮ್ಮನೆ ಕುಳಿತರು. ತಮಗೆ ಇವರ ಭಾಷೆ ಬಂದಿದ್ದರೆ ಎರಡು ಮಾತು ಆಡಿ ಸಮಾಧಾನ ಕೊಡಬಹುದಿತ್ತು ಎಂದು ತಾಯಿಯವರು ಪಕ್ಕದವರ ಹತ್ತಿರ ಹೇಳಿಕೊಂಡರಂತೆ. ಅದನ್ನು ಜನರಿಗೆ ತಿಳಿಸಿದಾಗ, ಮಾತು ಬೇಡ, ಹೀಗೆ ಕುಳಿತದ್ದರಲ್ಲೇ ಮನಸ್ಸು ತುಂಬಿತು ಎಂದು ಅವರು ಉತ್ತರ ಕೊಟ್ಟರು.

ಈ ಪ್ರಸಂಗದಲ್ಲಿ ನೋಡಲು ಬಂದವರು ಯಾರು, ನೋಡಿಸಿಕೊಂಡವರು ಯಾರು? ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿದರು. ನಮ್ಮಲ್ಲಿ ದರ್ಶನ ಅನ್ನುವುದು ಇದಕ್ಕೇ. ಗುಡಿಗೆ ಹೋದವರು ದೇವರನ್ನು ನೋಡುತ್ತಾರೆ, ದೇವರೂ ತಮ್ಮನ್ನು ನೋಡಲಿ ಅಂತ ಎದುರಿಗೆ ನಿಲ್ಲುತ್ತಾರೆ. ಅದಕ್ಕೇ ಸ್ನಾನ ಮಾಡಿ, ಚಪ್ಪಲಿ ಬಿಟ್ಟು, ತಲೆ ಬಾಗಿ ಹೋಗುವುದು. ಒಂದೇ ಕಡೆಯಿಂದ ನೋಡಿದರೆ ಅದು ಬರೀ ನೋಟ. ಎರಡು ಕಡೆಯಿಂದ ಆದರೆ ದರ್ಶನ.

ಆ ನಾಲ್ಕು ಹುಡುಗರು ಮೊದಲು ಕೈ ಮುಗಿದು, "ಅಜ್ಜಿ, ಚೆನ್ನಾಗಿದೆ, ನಮ್ಮ ಅಮ್ಮನಿಗೆ ತೋರಿಸಬೇಕು, ಒಂದು ಫೋಟೋ ತೆಗೀಲಾ?" ಅಂತ ಕೇಳಿದ್ದರೆ? ಆಕೆ ಬೇಡ ಅಂದರೂ ಅನ್ನಬಹುದಿತ್ತು. ಆಗ ಬೇಡ. ಆದರೆ "ಯಾವ ಊರಪ್ಪಾ ನಿಮ್ದು? ನಿಮ್ಮ ಕಡೆ ಯಾವ ರಂಗೋಲಿ ಇಡ್ತಾರೆ?" ಅಂತ ಕೇಳುವ ಸಾಧ್ಯತೆಯೂ ಇತ್ತು. ಬಾಗಿಲು ಮುಚ್ಚುತ್ತಿರಲಿಲ್ಲ. ಅರ್ಧ ನಿಮಿಷದ ಮಾತು. ಬಿಟ್ಟುಹೋಗಲು ಅಷ್ಟು ಸಾಕಾಗಿತ್ತು.

ಬಸವಣ್ಣನ ಪಾದದಿಂದ ಹೊರಟ ನೀರು

ಬಿಟ್ಟುಹೋಗುವುದರಲ್ಲಿ ಒಳ್ಳೆಯದು ಮಾತ್ರ ಇರುವುದಿಲ್ಲ. ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ನದಿ ಹುಟ್ಟುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ವೃಷಭ ಅಂದರೆ ಬಸವ. ಹೆಸರೇ ಹಾಗೆ ಬಂತು. ಈ ನದಿ ಕೆಂಗೇರಿ ಕಡೆಯಿಂದ ಹರಿದು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ ಹೋಗುತ್ತದೆ. ಇವತ್ತು ಅದರಲ್ಲಿ ಹರಿಯುವುದು ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರು. ಕೆರೆಯ ಮೇಲೆ ನೊರೆ ಎದ್ದು ನಿಂತದ್ದನ್ನು ಆ ಕಡೆಯ ರೈತರು ನೋಡುತ್ತಲೇ ಬಂದಿದ್ದಾರೆ. ಆ ನೀರಿನಲ್ಲೇ ಬೆಳೆ ತೆಗೆಯಬೇಕಾದ ಪರಿಸ್ಥಿತಿ ಅವರದು.

ಈಗ ಪರಿಷೆಯ ದಿನ ನೆನಪಿಸಿಕೊಳ್ಳಿ. ಮಾಗಡಿ, ಕನಕಪುರ, ರಾಮನಗರ, ಚಿಂತಾಮಣಿ, ಕೋಲಾರದ ಕಡೆಯಿಂದ ರೈತರು, ವ್ಯಾಪಾರಿಗಳು ಮೂಟೆ ಹೊತ್ತು ಬರುತ್ತಾರೆ. ರಸ್ತೆಯ ಎರಡೂ ಬದಿ ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ ರಾಶಿ. ಸೇರಿನಲ್ಲಿ ಅಳೆದು ಕೊಡುತ್ತಾರೆ. ಲಕ್ಷಗಟ್ಟಲೆ ಜನ ತಿನ್ನುತ್ತಾ ನಡೆಯುತ್ತಾರೆ. ಸಿಪ್ಪೆ ಮಣ್ಣಾಗುತ್ತದೆ, ಅದರಿಂದ ತೊಂದರೆ ಇಲ್ಲ. ಪೌರಕಾರ್ಮಿಕರು ಬೆಳಗಿನ ಜಾವ ಎದ್ದು ಗುಡಿಸಬೇಕು ಅಷ್ಟೇ. ಆದರೆ ಪ್ಲಾಸ್ಟಿಕ್ ಚೀಲ, ಲೋಟ, ಬಾಟಲಿ? ಅವು ಚರಂಡಿಗೆ ಬೀಳುತ್ತವೆ. ಚರಂಡಿ ಎಲ್ಲಿಗೆ ಹೋಗುತ್ತದೆ? ಬಸವಣ್ಣನ ಹೆಸರಿನ ನದಿಗೇ. ಆ ನದಿ ಎಲ್ಲಿಗೆ ಹೋಗುತ್ತದೆ? ಬಸವಣ್ಣನಿಗೆ ಕಡಲೆಕಾಯಿ ತರುವ ರೈತರ ಸೀಮೆಗೇ.

ರೈತ ಮೊದಲ ಬೆಳೆ ತಂದು ಬಸವಣ್ಣನ ಮುಂದೆ ಇಡುತ್ತಾನೆ. ಪಟ್ಟಣದವರು, ಯಾತ್ರಿಕರು ಬಸವಣ್ಣನ ಬುಡದಿಂದ ರೈತನಿಗೆ ಕೊಳಕು ಕಳಿಸುತ್ತಾರೆ. ಇದು ಯಾವ ನ್ಯಾಯ? ಒಬ್ಬ ಯಾತ್ರಿಕ ಎಸೆದ ಒಂದು ಚೀಲದಿಂದ ನದಿ ಕೆಡಲಿಲ್ಲ ಎಂಬುದು ನಿಜ. ಕಾರ್ಖಾನೆಗಳ, ಇಡೀ ನಗರದ ಪಾಲು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದರೆ ಹನಿಗೂಡಿದರೆ ಹಳ್ಳ ಅಂತ ಗಾದೆ ಕಟ್ಟಿದ್ದು ಪುಣ್ಯಕ್ಕೆ ಮಾತ್ರ ಅಲ್ಲ. ತನ್ನ ಪಾಲು ಸಣ್ಣದು ಅನ್ನುವವನು ಹುಂಡಿಗೆ ಹಾಕುವ ಒಂದು ರೂಪಾಯಿಯನ್ನೂ ಸಣ್ಣದು ಅಂತ ಬಿಡುವುದಿಲ್ಲವಲ್ಲ. ಈಚಿನ ವರ್ಷಗಳಲ್ಲಿ ಪರಿಷೆಗೆ ಬಟ್ಟೆ ಚೀಲ ತನ್ನಿ ಎಂದು ಜನರಲ್ಲಿ ತಿಳಿವಳಿಕೆ ಮೂಡಿಸುತ್ತಿದ್ದಾರೆ. ಇದನ್ನು ಬರೀ ನಿಯಮ ಅಂತ ತಿಳಿಯದೆ ಹರಕೆಯ ಒಂದು ಭಾಗ ಅಂತ ತಿಳಿದರೆ ಒಳ್ಳೆಯದು.

ತಲೆಯ ಮೇಲಿನ ತ್ರಿಶೂಲ

ಒಳ್ಳೆಯ ಯಾತ್ರಿಕರು ಕೂಡ ವಿಚಾರ ಮಾಡಬೇಕಾದ ಇನ್ನೊಂದು ಸಂಗತಿ ಇದೆ. ಕಲ್ಲಾದ ಬಸವ ಬೆಳೆಯುತ್ತಲೇ ಹೋಯಿತಂತೆ. ರೈತರು ಗಾಬರಿಯಾಗಿ ಶಿವನನ್ನು ಬೇಡಿಕೊಂಡರು. ತಲೆಯ ಮೇಲೆ ತ್ರಿಶೂಲ ನೆಟ್ಟ ಮೇಲೆ ಬೆಳವಣಿಗೆ ನಿಂತಿತು ಎಂಬ ಪ್ರತೀತಿ. ದೇವರೇ ಆದರೂ ಬೆಳೆಯುತ್ತಲೇ ಹೋದರೆ ಊರಿಗೆ ಜಾಗ ಇರುವುದಿಲ್ಲ, ಒಂದು ಮಿತಿ ಬೇಕು ಎಂದು ಹಳ್ಳಿಯ ಜನ ಅಂದೇ ಹೇಳಿಟ್ಟಿದ್ದಾರೆ.

ಗುಂಪಿಗೂ ಇದು ಅನ್ವಯಿಸುತ್ತದೆ. ಒಬ್ಬೊಬ್ಬರೂ ಒಳ್ಳೆಯವರೇ. ಆದರೆ ಎಲ್ಲರೂ ಒಂದೇ ದಿನ, ಒಂದೇ ಗಂಟೆಗೆ, ಒಂದೇ ಬೀದಿಗೆ ಬಂದರೆ ಅಲ್ಲಿನ ಮುದುಕರು ಔಷಧಿ ಅಂಗಡಿಗೂ ಹೋಗಲಾರರು. ಜಾಗಕ್ಕೆ ಹೆಸರು ಬಂದಷ್ಟೂ ನೆಲದ ಬೆಲೆ ಏರುತ್ತದೆ. ಹಳೇ ಮನೆ ಬಿದ್ದು ಅಪಾರ್ಟ್‌ಮೆಂಟ್ ಏಳುತ್ತದೆ. ಗಾಂಧಿ ಬಜಾರನ್ನು ಚೆಂದ ಮಾಡುವ ರಸ್ತೆ ಕಾಮಗಾರಿ 2023ರಲ್ಲಿ ನಡೆಯುತ್ತಿದ್ದಾಗ ಬೀದಿ ಬದಿಯ ವ್ಯಾಪಾರಿಗಳು ತಮ್ಮ ಜಾಗ ಬಿಟ್ಟು ಸರಿಯಬೇಕಾಗಿ ಬಂದು ಬಹಳ ಕಷ್ಟಪಟ್ಟರು. ಬರುವವರ ಅನುಕೂಲಕ್ಕೆ ಮಾಡುವ ಕೆಲಸದಲ್ಲಿ ಇರುವವರ ಅನ್ನ ಹೋಗಬಾರದು ಎಂಬ ಎಚ್ಚರ ಎಲ್ಲರಿಗೂ ಬೇಕು.

ಗವಿ ಗಂಗಾಧರೇಶ್ವರ ಇಲ್ಲಿ ಒಂದು ದಾರಿ ತೋರಿಸುತ್ತಾನೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಜನಸಾಗರ. 2021ರ ಸಂಕ್ರಾಂತಿಯಂದು ಮೋಡ ಅಡ್ಡ ಬಂದು ಕಿರಣ ಕಾಣಲೇ ಇಲ್ಲ. ಪೂಜೆ ಮಾತ್ರ ಎಂದಿನಂತೆ ನಡೆಯಿತು. 2008ರಲ್ಲಿ ಪ್ರಕಟವಾದ ವಿಜ್ಞಾನಿಗಳ ಒಂದು ಅಧ್ಯಯನದ ಪ್ರಕಾರ ಈ ಬೆಳಕು ವರ್ಷಕ್ಕೆ ಎರಡು ಸಲ ಬರುತ್ತದೆ. ಜನವರಿ ಮಧ್ಯದಲ್ಲಿ ಒಮ್ಮೆ, ನವೆಂಬರ್ ಕೊನೆ ಡಿಸೆಂಬರ್ ಮೊದಲಲ್ಲಿ ಇನ್ನೊಮ್ಮೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಂದು ಸಲ, ತಿರುಗಿ ಬರುವಾಗ ಒಂದು ಸಲ ಆಕಾಶದಲ್ಲಿ ಅದೇ ಜಾಗಕ್ಕೆ ಬರುವುದೇ ಇದಕ್ಕೆ ಕಾರಣ. ಅಂದರೆ ಯಾರೂ ನೂಕಾಡದ ಸಂಜೆಯಲ್ಲೂ ಅದೇ ಸೂರ್ಯ ಅದೇ ಲಿಂಗವನ್ನು ಮುಟ್ಟುತ್ತಾನೆ. (ಇದನ್ನು ಓದಿ ಎಲ್ಲರೂ ಆ ಸಂಜೆಯೇ ಹೊರಟರೆ ಮತ್ತೆ ಅದೇ ಕಥೆ!) ತಾತ್ಪರ್ಯ ಇಷ್ಟೇ: ದೇವರು ಒಂದೇ ದಿನ ಒಂದೇ ಗಂಟೆ ಸಿಗುವವನಲ್ಲ. ಈ ವರ್ಷ ಪರಿಷೆಯ ಸೋಮವಾರ ಬಿಟ್ಟು ಒಂದು ಸಾಧಾರಣ ಬುಧವಾರ ಬಂದವರಿಗೆ ಪುಣ್ಯ ಕಡಿಮೆಯಾಗುವುದಿಲ್ಲ. ಒಬ್ಬ ಮುದುಕರಿಗೆ ನಡೆಯಲು ಜಾಗ ಬಿಟ್ಟ ಪುಣ್ಯ ಮೇಲೆ ಸೇರಿಕೊಳ್ಳುತ್ತದೆ.

ಅರ್ಧ ದಿನದಲ್ಲಿ ಬಿಡಬಹುದಾದದ್ದು

ಬೆಳಿಗ್ಗೆ ಬಂದವರು ಮೊದಲು ದೊಡ್ಡ ಗಣಪತಿ, ಆಮೇಲೆ ಮೇಲೆ ಹತ್ತಿ ದೊಡ್ಡ ಬಸವಣ್ಣ, ಕಹಳೆ ಬಂಡೆಯ ನೆರಳಲ್ಲಿ ಸ್ವಲ್ಪ ಹೊತ್ತು, ಆಶ್ರಮ, ಗವಿಪುರ, ಕೊನೆಗೆ ಗಾಂಧಿ ಬಜಾರು ಹೀಗೆ ಮಾಡಿದರೆ ಅರ್ಧ ದಿನ ಸಾಕು. ಮೆಟ್ರೋ ರೈಲಿನಲ್ಲಿ ಬರುವವರಿಗೆ ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ.

ಆ ಅರ್ಧ ದಿನದಲ್ಲಿ ಬಿಟ್ಟುಹೋಗಲು ದೊಡ್ಡ ಸಾಮಾನು ಏನೂ ಬೇಡ. ರಾತ್ರಿಯೆಲ್ಲ ಚಳಿಯಲ್ಲಿ ಮೂಟೆ ಕಾಯ್ದು ಕುಳಿತ ಹೆಂಗಸಿನ ಹತ್ತಿರ ಸೇರಿಗೆ ಐದು ರೂಪಾಯಿ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಬಹುದು. ಅದೇ ಯಾತ್ರಿಕರು ಹೋಟೆಲಿನ ಬಿಲ್ಲು ನೋಡಿ ಚೌಕಾಸಿ ಮಾಡುವುದಿಲ್ಲವಲ್ಲ! ಗುಡಿಸುವವರಿಗೆ ಒಂದು ಕಸ ಕಡಿಮೆ ಮಾಡಬಹುದು. ಜಗಲಿಯಲ್ಲಿ ಕುಳಿತ ಹಿರಿಯರಿಗೆ ನಮಸ್ಕಾರ ಹೇಳಬಹುದು. ಕೇಳದೆ ಫೋಟೋ ತೆಗೆಯದೇ ಇರಬಹುದು. ಇವೆಲ್ಲ ಹೇಳಿದರೆ ಸಣ್ಣ ಮಾತು ಅನ್ನಿಸುತ್ತದೆ. ಮಾಡುವಾಗ ಗೊತ್ತಾಗುತ್ತದೆ, ನಾಲ್ಕು ಜನರ ಮುಂದೆ ಐದು ರೂಪಾಯಿ ಬಿಡುವುದು ಕಾಶಿಯಲ್ಲಿ ಬದನೆಕಾಯಿ ಬಿಡುವುದಕ್ಕಿಂತ ಕಷ್ಟ ಅಂತ.

ಸ್ಥಳೀಕರ ಧರ್ಮವೂ ಒಂದಿದೆ. ಅತಿಥಿಯನ್ನು ದೇವರಂತೆ ಕಾಣಬೇಕು ಎಂದು ಕಲಿತ ನಾಡು ಇದು. ದಾರಿ ಕೇಳಿದ ಹಳ್ಳಿಯವರನ್ನು ಕೀಳಾಗಿ ನೋಡಿ ಮುಖ ತಿರುಗಿಸಿದರೆ ಅಲ್ಲಿ ಉಳಿದದ್ದು ಹಳೇ ಮನೆ ಮಾತ್ರ, ಹಳೇ ಸಂಸ್ಕೃತಿ ಅಲ್ಲ. ತಮ್ಮ ಅಜ್ಜನೂ ಹೀಗೇ ಗಂಟು ಹೊತ್ತು ಪ್ಲೇಗಿನ ಕಾಲದಲ್ಲಿ ಬಂದವನು ಎಂಬ ನೆನಪು ಇದ್ದರೆ ಲೋಟ ನೀರು ಕೊಡುವುದು ಕಷ್ಟವಾಗಲಾರದು.

ಬೆಟ್ಟದ ದೇವರಿಗೆ ಹರಕೆ ಹೊತ್ತು ಬರುವವರೆಲ್ಲರಿಗೂ ಈ ಮಾತು ಒಂದೇ. ಬಸವನ ಗುಡ್ಡವಾಗಲಿ, ಬೇರೆ ಯಾವ ಬೆಟ್ಟವಾಗಲಿ, ಅಲ್ಲಿ ದೇವರ ಜೊತೆ ಜನವೂ ಇದ್ದಾರೆ. ದೇವರು ಕಲ್ಲಾಗಿ ಕುಳಿತು ಎಲ್ಲ ಸಹಿಸಿಕೊಳ್ಳುತ್ತಾನೆ. ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಇಳಿದು ಹೋಗುವಾಗ ಒಂದು ಸಲ ತಿರುಗಿ ನೋಡಿ, ಬಂದಾಗ ತೆರೆದಿದ್ದ ಬಾಗಿಲು ಹೋಗುವಾಗಲೂ ತೆರೆದಿದೆಯೇ ಎಂದು ವಿಚಾರಿಸಿಕೊಂಡರೆ ಸಾಕು. ತೆರೆದಿದ್ದರೆ ಯಾತ್ರೆ ಫಲಿಸಿತು. ಮುಂದೆ ಬರುವವರಿಗೂ ಅದೇ ಬಾಗಿಲಲ್ಲಿ ರಂಗೋಲಿ ಕಾಣಲಿ.

ಎಲ್ಲರಿಗೂ ಒಳ್ಳೆಯದಾಗಲಿ.